ಯೋಹಾನನಿಗೊಂದು ಸೀಟು

ಎಪ್ಪತ್ತರ ದಶಕದ ಮಾತು. ಬೊಂಬಾಯಿಯ ಲೋಕಲ್ ರೈಲಿನಲ್ಲಿ ಮೂವರು ಕೂರುವ ಬೆಂಚಿನ ಅಂಚಿಗೆ ಕೂತು ದೇವಶಾಸ್ತ್ರದ ಪರೀಕ್ಷೆಗೆ ಓದಿಕೊಳ್ಳುತ್ತಿದ್ದೆ. ಬೈಬಲ್ಲಿನ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳನ್ನು ಅಕ್ಕಪಕ್ಕ ಮೂರು ಕಾಲಮ್ಮಿನಲ್ಲಿ ಅಚ್ಚು ಹಾಕಿದ ಕನ್ನಡ ಪುಸ್ತಕ. ಗೋರೆಗಾಂವ್‌ನಲ್ಲಿ ಹತ್ತಿದ ಒಬ್ಬರು ನನ್ನೆದುರು ನಿಂತು ಅದರೊಳಗೆ ಬಗ್ಗಿ ನೋಡಿದರು.

“ಎಂಥ ಮಾರಾಯ್ರೇ, ಒಂದೇ ಕತೆ ಮೂರು ಸಲ?”

“ಯಾರು ಯಾರದನ್ನು ನೋಡಿ ಬರೆದರು ಅಂತ ಹೋಲಿಸಲಿಕ್ಕೆ,” ಎಂದೆ.

“ಮತ್ತೆ ನಾಲ್ಕನೆಯವ, ಯೋಹಾನ ಎಲ್ಲಿ?”

“ಅವನು ಕತೆ ಹೇಳುವ ದಾರಿಯೇ ಬೇರೆ. ಈ ಮೂವರ ಜೊತೆ ಕೂರುವುದಿಲ್ಲ.”

“ನಾನೂ ಜಾನ್, ಅಂದರೆ ಯೋಹಾನನೇ,” ಎಂದು ಅವರು ನಮ್ಮ ಬೆಂಚನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. “ಕೂರುವುದಿಲ್ಲ ಅಂತ ಅವ ಹೇಳಿದ್ದಾ? ಆ ಮೂವರು ಚೂರು ಸರಿದು ನೋಡಿದ್ದಾರಾ?”

ನಾನು ಸರಿದೆ. ಕನ್ನಡ ಬಾರದ ಪಕ್ಕದ ಇಬ್ಬರೂ ಗೊಣಗುತ್ತ ಸರಿದರು. ಜಾನ್ ನಾಲ್ಕನೆಯವರಾಗಿ, ಅರ್ಧ ಮೈ ಹೊರಗೇ ಬಿಟ್ಟು ಕೂತರು. ನಾನು ಪುಟ ತಿರುವಲು ಹೋದರೆ ಕೈ ಅಡ್ಡ ಹಿಡಿದರು.

“ತಡೀರಿ, ನನ್ನದು ಲೂಕ ಮುಗಿಯಲಿಲ್ಲ.”

ಯೋಹಾನನನ್ನು ಎಲ್ಲಿ ಕೂರಿಸಬೇಕೆಂದು ವಿದ್ವಾಂಸರು ಈಗಲೂ ಜಗಳಾಡುತ್ತಾರೆ. ಅವರ್ಯಾರೂ ಬೊಂಬಾಯಿಯ ಲೋಕಲ್ ಹತ್ತಿದವರಲ್ಲ.