ಖಾಸಿಂಬಿಯ ಐದು ಬದನೆಕಾಯಿ

ಹೊಲಕ್ಕೆ ಯಾರೇ ಬಂದರೂ ಖಾಸಿಂಬಿ ಮೊದಲು ಅವರ ಕಾಲು ನೋಡುತ್ತಿದ್ದಳು. ಬೂಟಿದ್ದರೆ ಮುಗಿಯಿತು. "ಬರ್ರಿ ಸಾಹೇಬ್ರ, ಅಲ್ಲೇ ಬದುವಿನ ಮ್ಯಾಲ ನಿಂದರ್ರಿ, ಕೆಸರು ಹತ್ತೀತು" ಎಂದು ಮೂಗು ಮುರಿಯುತ್ತಿದ್ದಳು. ತೆಂಗಳಿಯಲ್ಲಿ ಅರ್ಧ ಎಕರೆ ಬದನೆ ಬೆಳೆಯುತ್ತಿದ್ದ ಆ ಮುದುಕಿಗೆ ಸುಸ್ಥಿರ ಕೃಷಿ ಕಲಿಸಲು ಹೋದ ಮಹಾನುಭಾವ ನಾನು. ಕಾಲಲ್ಲಿ ಬೂಟು, ತಲೆಯಲ್ಲಿ ಮೂರು ದಿನದ ತರಬೇತಿ.

ನಮ್ಮ ಸಂಸ್ಥೆ ಊರಿಗೆಲ್ಲ ಹೈಬ್ರಿಡ್ ಬೀಜದ ಪಾಕೀಟು ಹಂಚಿತ್ತು. ಅವಳೊಬ್ಬಳು ಮುಟ್ಟಲಿಲ್ಲ. "ವರ್ಷಾ ವರ್ಷಾ ಬೀಜಕ್ಕ ನಿಮ್ಮ ಬಾಗಲಾ ಕಾಯಾಕ ನನಗ ಪುರಸತ್ತಿಲ್ಲ" ಎಂದಳು. ಅವಳದು ಅತ್ತೆಯಿಂದ ಬಂದ ಮುಳ್ಳುಬದನೆ. ಔಷಧಿ ಬೇಡುತ್ತಿರಲಿಲ್ಲ, ನೀರೂ ಕಡಿಮೆ. ಚಿತ್ತಾಪುರದ ಸಂತೆಯಲ್ಲಿ ಎಣ್ಣೆಗಾಯಿಗೆಂದು ಜನ ಅವಳ ಬುಟ್ಟಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಪ್ರತಿವರ್ಷ ಐದು ಒಳ್ಳೆಯ ಕಾಯಿಗೆ ಕೆಂಪು ಚಿಂದಿ ಕಟ್ಟಿ, ಬೀಜಕ್ಕೆಂದು ಗಿಡದಲ್ಲೇ ಹಣ್ಣಾಗಲು ಬಿಡುತ್ತಿದ್ದಳು. ಇದು ನನ್ನ ತರಬೇತಿಯಲ್ಲಿ ಬಂದಿರಲಿಲ್ಲ.

ಒಂದು ದಿನ ಕಲಬುರಗಿಯಿಂದ ನಮ್ಮ ಸಂಸ್ಥೆಯ ದೊಡ್ಡವರು ಫೋಟೋ ತೆಗೆಸಿಕೊಳ್ಳಲು ಬರುವವರಿದ್ದರು. ಖಾಸಿಂಬಿ ಸಂತೆಗೆ ಹೋಗಿದ್ದಳು. ಬೆಳೆ ಮುಗಿಯುತ್ತ ಬಂದ ಹೊಲದಲ್ಲಿ ಫೋಟೋಕ್ಕೆ ತಕ್ಕ ಕಾಯಿ ಐದೇ ಕಂಡವು. ಶಾಣ್ಯಾ ನಾನು, ಚಿಂದಿ ಕಿತ್ತೆಸೆದು, ಕೊಯ್ದು, ಒರೆಸಿ ಬುಟ್ಟಿಗಿಟ್ಟೆ! ಅವಳು ಬಂದದ್ದೇ ತಡ, ಬುಟ್ಟಿಯನ್ನು ಕೈಗೆ ತುರುಕಿದೆ. ದೊಡ್ಡವರು ಪಕ್ಕಕ್ಕೆ ನಿಂತರು, ಫೋಟೋ ಆಯಿತು. ಅವಳು ಅವರಿಗೆ ಚಹಾ ಕೊಟ್ಟಳು.

ಜೀಪು ಹೋದ ಮೇಲೆ ಕೇಳಿದಳು: "ಚಿಂದಿ ಯಾಕ ಕಟ್ಯಾಳ ಮುದುಕಿ ಅಂತ ಒಂದ್ ಮಾತು ಕೇಳಬಾರದಿತ್ತೇನೋ ಬೇಟಾ? ಬೀಜದ ಕಾಯಿ ಅವು."

"ಗೊತ್ತಿದ್ದಿಲ್ಲರಿ ಖಾಲಾ. ಆಗೇ ಯಾಕ ಹೇಳ್ಲಿಲ್ಲರಿ?"

"ಮೆಹಮಾನರ ಮುಂದ ನಿನ್ನ ಮರ್ಯಾದಿ ಕಳೀಲೇನು? ಹೋತು ಬಿಡು. ಇನ್ನ ತಾ ನಿನ್ನ ಪಾಕೀಟು."

ಆ ಕಾಯಿಗಳಲ್ಲಿ ಬೀಜ ಬಲಿತಿರಲಿಲ್ಲ. ಗಿಡಗಳು ಮತ್ತೆ ಕಾಯಿ ಬಿಡಲಿಲ್ಲ. ನಾಚಿಕೆಯಿಂದ ಮನೆಮನೆ ತಿರುಗಿದೆ. ಹಳೆಯ ಬೀಜ ಯಾರ ಬಳಿಯೂ ಇರಲಿಲ್ಲ. ಎಲ್ಲರ ಗೋಡೆಯ ಮಾಡದಲ್ಲೂ ನಾನೇ ಹಂಚಿದ ಪಾಕೀಟು.

ಮರುವರ್ಷ ಸಂತೆಯಲ್ಲಿ ಅವಳ ಬುಟ್ಟಿಯೂ ಎಲ್ಲರ ಬುಟ್ಟಿಯಂತೆಯೇ ಇತ್ತು. ಹಳೆಯ ಗಿರಾಕಿಗಳು ಬಗ್ಗಿ ನೋಡಿ ಮುಂದೆ ಹೋದರು. ನಾನು ಬರಿಗಾಲಲ್ಲಿ ಹೊಲಕ್ಕೆ ಹೋದೆ. ಅವಳು ನನ್ನ ಕಾಲು ನೋಡಲೇ ಇಲ್ಲ, ಔಷಧಿ ಹೊಡೆಯುತ್ತಿದ್ದಳು.

ಈ ಬೇಸಿಗೆಯಲ್ಲಿ ತೀರಿಕೊಂಡಳು. ನಮ್ಮ ಕಚೇರಿಯ ಗೋಡೆಯ ಮೇಲೆ ಆ ಫೋಟೋ ಇದೆ. ಕೆಳಗೆ 'ನಾಟಿ ಬೀಜದ ರಕ್ಷಕಿ' ಎಂದು ಬರೆದಿದೆ. ಬರೆದವನು ನಾನೇ. ದೊಡ್ಡವರು ಕ್ಯಾಮೆರಾ ನೋಡಿ ಹಲ್ಲು ಕಿರಿದಿದ್ದಾರೆ. ಖಾಸಿಂಬಿ ಬುಟ್ಟಿಯೊಳಗೆ ನೋಡುತ್ತಿದ್ದಾಳೆ.