ಬೆಂಕಿನಾಯಿಗೆ ಮೂರು ಅಚ್ಚು

ಗೋವಾದ ವಿಮಾನ ನಿಲ್ದಾಣದ ಬದಿಗೆ, ದಾಬೋಲಿಮ್‌ನ ತಗಡಿನ ಖೋಲಿಯೊಳಗೆ ಆ ರವಿವಾರ ಮಧ್ಯಾಹ್ನ ಅಂಬಿಕಾಳ ಸಿಡಿಲವ್ವನನ್ನು ಒಂದು ನಾಯಿ ಕೊಂದಿತು. ಕೊಂದದ್ದು ಆಟದ ಕಾಗದದ ಮೇಲೆ, ನಿಜ. ಆದರೆ ಸಿಮೆಂಟು ಹೊರುವ ಅಂಬಿಕಾಳಿಗೆ ಸೈಟಿನ ಹಾಜರಿ ಪುಸ್ತಕದಲ್ಲೂ ಸ್ವಂತ ಹೆಸರಿಲ್ಲ. ಅಲ್ಲಿ ಆಕೆ 'ಭರಮಪ್ಪನ ಮನೆಯವಳು'. ಸಿಡಿಲವ್ವ ಎಂಬ ಬಿಲ್ಲುಗಾರ್ತಿಗೆ ಮಾತ್ರ ಆಕೆಯೇ ಹೆಸರಿಟ್ಟು, ಮೂರು ವರ್ಷ ಆಡಿ ಆಡಿ ಬೆಳೆಸಿದ್ದಳು.

ಆಟ ತಂದವನು ಗಂಡ ಭರಮಪ್ಪ, ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟಿಸುವ ಸೆಂಟ್ರಿಂಗ್ ಮೇಸ್ತ್ರಿ. ಹಿಂದಿನ ಸೈಟಿನ ಎಂಜಿನಿಯರು ಊರು ಬಿಡುವಾಗ ಇಪ್ಪತ್ತು ಮುಖದ ದಾಳವನ್ನೂ ದಪ್ಪ ಪುಸ್ತಕವನ್ನೂ ಕೊಟ್ಟು, ಆಡುವ ಬಗೆ ಕಲಿಸಿ ಹೋಗಿದ್ದ. ಉಳಿದವರೆಲ್ಲ ವೀರರು, ಒಬ್ಬ ಮಾತ್ರ ಕಥೆ ನಡೆಸುತ್ತ ರಾಕ್ಷಸರನ್ನೆಲ್ಲ ಆಡಿಸಬೇಕು. ಆ ಒಬ್ಬ ಯಾರಾಗಬೇಕೆಂದು ಭರಮಪ್ಪ ಯಾರನ್ನೂ ಕೇಳಲಿಲ್ಲ.

ಅವನಿಗೆ ಹುಚ್ಚು ಹಿಡಿಸಿದ್ದು ಪುಸ್ತಕದ ಟೆಂಪ್ಲೇಟುಗಳು, ಪ್ರಾಣಿಗೆ ಹೊಸ ಬಲ ಕೊಡುವಂಥವು. ಅವನ ಬಾಯಲ್ಲಿ ಅವು ಅಚ್ಚುಗಳಾದವು. ಸಾದಾ ನಾಯಿಗೆ ಬೆಂಕಿಯ ಅಚ್ಚು ತೊಡಿಸಿದರೆ ಉರಿ ಕಾರುತ್ತದೆ, ದೆವ್ವದ ಅಚ್ಚು ತೊಡಿಸಿದರೆ ಗೋಡೆ ತೂರಿ ಬರುತ್ತದೆ. ಇವರ ಆಟದಲ್ಲಿ ಒಂದು ಪ್ರಾಣಿಗೆ ಒಂದು ಹೊತ್ತಿಗೆ ಒಂದೇ ಅಚ್ಚು. ಆದರೆ ಈ ನಾಯಿ ಗೋಡೆ ತೂರಿ ಬಂದು, ಉರಿ ಕಾರಿ, ಆನೆಯಷ್ಟು ದೊಡ್ಡದಾಗಿ ನಿಂತು ಕಚ್ಚಿತ್ತು.

"ತಡೀರಿ. ಎಷ್ಟು ಅಚ್ಚು ಹಾಕೀರಿ ಇದಕ್ಕ?" ಅಂದಳು ಅಂಬಿಕಾ.

"ಒಂದ. ಈಗಿರೂದು ದೈತ್ಯನ ಅಚ್ಚು. ಮೊದಲಿನವೆರಡೂ ಬಿಚ್ಚಿ ತಗದೇನಿ."

"ಬಿಚ್ಚಿದ ಮ್ಯಾಲೆ ಉರಿ ಎಲ್ಲಿಂದ ಬಂತ್ರಿ?"

ಭರಮಪ್ಪ ಕರುಣೆಯಿಂದ ನಕ್ಕ. "ಏ ಹುಚ್ಚಿ, ಗಟ್ಟಿ ಆದಮ್ಯಾಲೆ ಹಲಿಗಿ ಬಿಚ್ಚಿದ್ರ ಸ್ಲ್ಯಾಬ್ ಬೀಳತೈತೇನು? ಒಂದೊಂದು ಅಚ್ಚು ಇಪ್ಪತ್ತೊಂದು ದಿನ ಬಿಟ್ಟ ಬಿಚ್ಚೇನಿ. ನೋಡ, ತಾರೀಖ ಬರದೇನಿ."

ಖರೇನೇ ಬರೆದಿದ್ದ.

"ಸ್ಲ್ಯಾಬಿಗೆ ಹೊಡದಂಗ ಮುಂಜಾನಿ ಸಂಜಿಕ ನೀರೂ ಹೊಡದೀರೇನು ನಾಯಿಗೆ?"

ಜೊತೆಗೆ ಆಡುತ್ತಿದ್ದ ಹೇಮಲಪ್ಪ ಕಿಸಕ್ಕೆಂದ. ಕಬ್ಬಿಣ ಕಟ್ಟುವ ಅವನಿಗೆ ಕೆಲಸ ಕೊಡಿಸುವವನು ಭರಮಪ್ಪನೇ. ಮೇಸ್ತ್ರಿಯ ಕಣ್ಣು ತನ್ನತ್ತ ತಿರುಗಿದ್ದೇ ನಗುವನ್ನು ಕೆಮ್ಮಾಗಿಸಿದ.

"ನೀವ ಕಲಿಸಿದ್ರಿ, ಅಚ್ಚು ಹೋದ್ರ ಅದರ ಬಲಾನೂ ಹೋತು ಅಂತ."

"ಅದು ನಿಮಗ. ಆಟ ನಡಸಾಂವಗ ಬ್ಯಾರೆ."

ತಲೆಯ ಮೇಲೆ ವಿಮಾನ ಹಾಯಿತು. ತಗಡು ನಡುಗಿ ನಿಲ್ಲುವವರೆಗೆ ಮಾತು ನಿಲ್ಲಿಸುವುದು ಅಲ್ಲಿಯ ರೂಢಿ. ಅಂಬಿಕಾಳ ಬಾಯಿ ಸುಮ್ಮನಿತ್ತು; ಸಿಟ್ಟು ಸುಮ್ಮನಿರಲಿಲ್ಲ. ಮೂರು ವರ್ಷ! ಬೇರೆಯವರು ಜಾತ್ರೆ, ಮದುವೆ ಎಂದು ಆಟ ತಪ್ಪಿಸಿದ್ದರು, ಆಕೆ ಜ್ವರದಲ್ಲೂ ದಾಳ ಎಸೆದಿದ್ದಳು.

ಸದ್ದು ಇಳಿದಾಗ ಹೆಂಡತಿಯ ಮುಖ ನೋಡಿ ಭರಮಪ್ಪ ಉದಾರಿಯಾದ. "ಆತು ಬಿಡು. ನನ್ನ ದಯಾದಿಂದ ಬದಕಲಿ ಆಕಿ."

"ದಯಾ ನಿಮ್ಮ ನಾಯಿಗೆ ಹಾಕ್ರಿ. ನನಗ ಬ್ಯಾಡ. ತಪ್ಪಾತು ಅನ್ರಿ, ಸಾಕು."

ಇಪ್ಪತ್ತು ವರ್ಷದ ಮೇಸ್ತ್ರಿಕೆಯಲ್ಲಿ ಭರಮಪ್ಪ ಆಡದ ಮಾತು ಅದೊಂದೇ. ಅವನು ನಿಲ್ಲಿಸಿದ ಕಂಬ ವಾಲಿದರೆ ನೆಲವೇ ವಾಲಿದೆ ಎನ್ನುವವನು. ಎಲೆಯಡಿಕೆ ಹುಡುಕತೊಡಗಿದ.

"ಅನ್ನೂದಿಲ್ಲ ಹೌದಲ್ರಿ?"

ಅಂಬಿಕಾ ಪೆನ್ನು ತೆಗೆದುಕೊಂಡು ಸಿಡಿಲವ್ವನ ಹೆಸರನ್ನು ತಾನೇ ಹೊಡೆದುಹಾಕಿದಳು, ಕಾಗದ ಹರಿಯುವಂತೆ. ಅದೇ ಕಾಗದ ಮಗುಚಿ ಹಿಂಬದಿಗೆ ಬರೆಯತೊಡಗಿದಳು.

"ಮುಂದಿನ ರವಿವಾರದಿಂದ ಬಾಜೂ ಖೋಲಿ ಲಾಡಬಿ ಮನಿಯಾಗ ಆಟ. ನಡಸಾಕಿ ನಾನು. ನಿಮ್ಮ ನಾಯಿ ನಿಮ್ಮ ಹಂತೇಕ ಇರ್ಲಿ."

"ಏನ ಬರ್ಯಾಕತ್ತೀರಿ ವೈನಿ?" ಹೇಮಲಪ್ಪ ಮೆಲ್ಲಗೆ ಕೇಳಿದ.

"ಹೊಸಾ ಅಚ್ಚು. ಮೇಸ್ತ್ರಿ ಅಚ್ಚು. ಯಾವ ಪ್ರಾಣಿಗರ ಹಾಕ್ರಿ. ದನಿಗೆ ಹತ್ತು ಅಂಕ ಕೂಡಸ್ರಿ, ಕಿವಿಯಾಗಿಂದ ಎಂಟು ಕಳೀರಿ."

"ಅದನ್ನ ಕೊಲ್ಲೂದು ಹ್ಯಾಂಗ್ರಿ?"

"ಕೊಲ್ಲಾಕ ಬರೂದಿಲ್ಲ. ಹತ್ತು ಮಂದಿ ಮುಂದ ತಪ್ಪಾತು ಅಂದ್ರ ಅಚ್ಚು ತಾನ ಬಿಚ್ಚತೈತಿ."

ಹೇಮಲಪ್ಪ ಈ ಸಲ ಕೆಮ್ಮಲಿಲ್ಲ. ತನ್ನ ವೀರನ ಕಾಗದವನ್ನು ಅಂಬಿಕಾಳ ಕಡೆಗೆ ಸರಿಸಿದ.

ಭರಮಪ್ಪ ಕುತ್ತಿಗೆ ಚಾಚಿ ಓದಿದ. ಕಸುಬುದಾರನಿಗೆ ತಡೆಯಲಾಗಲಿಲ್ಲ. "ದನಿಗೆ ಹತ್ತ ಭಾಳ ಕಡಿಮಿ ಆತು. ಹದಿನೈದರ ಇರಬೇಕು."

ಅಂಬಿಕಾ ತಲೆಯೆತ್ತಲಿಲ್ಲ. ಹತ್ತನ್ನು ಹೊಡೆದು ಹದಿನೈದು ಮಾಡಿದಳು. ಕಿವಿಯ ಎಂಟನ್ನು ಹೊಡೆದು ಇಪ್ಪತ್ತು.