ನಾನು ಬೇಡವೆಂದ ರೂಮು

ನಮ್ಮ ತುಮಕೂರಿನ ಮನೆಯಲ್ಲಿ, ಯಾರಾದರೂ ತಿಂಡಿಗೆ ಕರೆದರೆ ಒಪ್ಪಿಕೊಳ್ಳುವುದಕ್ಕೂ ಒಂದು ಕ್ರಮವಿತ್ತು. ಮೊದಲು "ಅಯ್ಯೋ ಬೇಡಿ, ಈಗ ತಾನೇ ಆಯ್ತು" ಎನ್ನಬೇಕು. ಮತ್ತೆ ಕರೆದರೆ "ಸುಮ್ನೆ ನಿಮಗ್ಯಾಕೆ ತೊಂದರೆ" ಎನ್ನಬೇಕು. ಅವರು ಕೈ ಹಿಡಿದು ಎಳೆದ ಮೇಲಷ್ಟೇ ತಟ್ಟೆಯ ಮುಂದೆ ಕೂರಬೇಕು. ಕರೆದ ತಕ್ಷಣ ಕೂತುಬಿಟ್ಟರೆ ಅಮ್ಮ ಕಣ್ಣಲ್ಲೇ ಗದರುತ್ತಿದ್ದಳು. ಮನೆಯಲ್ಲಿ ಹೊಟ್ಟೆಗೆ ಹಾಕುವುದಿಲ್ಲವೇನೋ ಅಂದುಕೊಳ್ಳುತ್ತಾರೆ ಎಂಬುದು ಅವಳ ಚಿಂತೆ. ಎರಡು ಸೂಟ್‌ಕೇಸಿನ ಜೊತೆ ಈ ವಿದ್ಯೆಯನ್ನೂ ಹೊತ್ತುಕೊಂಡೇ ನಾನು ಓದಲು ಸಿಡ್ನಿಗೆ ಬಂದಿಳಿದೆ.

ಉಳಿದುಕೊಂಡದ್ದು ಅಲ್ಲಿನ ಪ್ಯಾರಮಟ್ಟಾ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ, ಅಪ್ಪನ ಸಹೋದ್ಯೋಗಿಯ ತಂಗಿಯ ಮನೆಯಲ್ಲಿ. ಉಡುಪಿ ಕಡೆಯವರು. ಆಂಟಿ ಎಂದು ಕರೆಯುತ್ತಿದ್ದೆ. ಹಾಲಿನ ಸೋಫಾ ನನ್ನ ಹಾಸಿಗೆ. ಆದರೆ ಬರುವ ಭಾನುವಾರ ಅವರ ಅತ್ತೆ ಮಾವ ಊರಿನಿಂದ ಬರುವವರಿದ್ದರು. ಅಷ್ಟರೊಳಗೆ ನನಗೊಂದು ರೂಮು ಸಿಗಲೇಬೇಕಿತ್ತು. ಆಂಟಿ ಒಂದು ದಿನವೂ "ಯಾವಾಗ ಹೋಗ್ತೀಯ" ಎಂದು ಕೇಳಲಿಲ್ಲ. ಅದಕ್ಕೇ ನನಗೆ ಇನ್ನೂ ನಾಚಿಕೆಯಾಗುತ್ತಿತ್ತು.

ರೂಮು ಹುಡುಕುವುದೆಂದರೆ ಹುಡುಗಾಟವಲ್ಲ. ಒಂದು ಕಡೆ ರೂಮು ಎಂದು ತೋರಿಸಿದ್ದು ಕಾರಿನ ಗ್ಯಾರೇಜು. ಇನ್ನೊಂದು ಕಡೆ ಹಾಲಿಗೆ ಪರದೆ ಕಟ್ಟಿ ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಮತ್ತೊಬ್ಬರು ಇದಕ್ಕೆ ಮೊದಲು ಎಲ್ಲಿ ಬಾಡಿಗೆಗಿದ್ದೆ, ಆ ಮನೆಯವರಿಂದ ಒಂದು ಪತ್ರ ತರುತ್ತೀಯಾ ಎಂದರು. ಇದಕ್ಕೆ ಮೊದಲು ನಾನಿದ್ದದ್ದು ಅಪ್ಪನ ಮನೆಯಲ್ಲಿ. ಅಪ್ಪನ ಹತ್ತಿರ ಏನೆಂದು ಬರೆಸಿಕೊಳ್ಳಲಿ?

ಅಮ್ಮ ಫೋನಿನಲ್ಲಿ ತನ್ನದೇ ದಾರಿ ಹುಡುಕಿದ್ದಳು. ಮೆಲ್ಬರ್ನಿನ ಕ್ಲೈಡ್ ನಾರ್ತಿನಲ್ಲಿ ನನ್ನ ದೊಡ್ಡಪ್ಪನ ಮಗ ಹೊಸ ಮನೆ ಕಟ್ಟಿಸಿದ್ದಾನೆ.

"ಅಲ್ಲ ಕಣೇ, ನಿಮ್ಮಣ್ಣನ ಮನೇಲಿ ರೂಮುಗಳು ಖಾಲಿ ಬಿದ್ದಿವೆಯಂತೆ. ಅಲ್ಲೇ ಇದ್ಕೊಂಡು ಕಾಲೇಜಿಗೆ ಓಡಾಡು. ತುಮಕೂರಿಂದ ಬೆಂಗಳೂರಿಗೆ ಜನ ಓಡಾಡಲ್ವಾ?"

"ಅಮ್ಮಾ, ಇಲ್ಲಿಂದ ಅಲ್ಲಿಗೆ ವಿಮಾನದಲ್ಲಿ ಹೋಗ್ಬೇಕು."

"ಹಂಗಾದ್ರೆ ಅಲ್ಲಿಗೇ ಕಾಲೇಜು ಬದಲಾಯಿಸ್ಕೋ."

ಅಣ್ಣನೂ ಅದನ್ನೇ ಹೇಳಿದ. ಈ ಸೆಮಿಸ್ಟರ್ ಬಿಟ್ಟುಬಿಡು, ಇಲ್ಲಿಗೆ ಬಾ, ಮುಂದೆ ನೋಡೋಣ. ಮುಂದೆ ನೋಡೋಣ ಎಂದು ಬಿಟ್ಟ ಓದನ್ನು ಮುಂದೆ ಯಾರಾದರೂ ನೋಡಿದ್ದನ್ನು ನಾನು ಕಂಡಿಲ್ಲ. ನನಗೆ ಸಿಟ್ಟೂ ಬಂತು, ಭಯವೂ ಆಯಿತು.

ಗುರುವಾರ ಒಂದು ಮನೆ ನೋಡಲು ಹೋದೆ. ನಿವೃತ್ತ ಶಾಲಾ ಟೀಚರು, ಇಲ್ಲಿಯವರೇ, ಒಬ್ಬರೇ ಇರುವವರು. ಹಿಂದಿನ ಭಾಗದಲ್ಲಿ ದೊಡ್ಡ ರೂಮು, ಕಿಟಕಿಯಾಚೆ ನಿಂಬೆ ಗಿಡ, ರೈಲು ಸ್ಟೇಷನ್ನಿಗೆ ನಡೆದೇ ಹೋಗಬಹುದು. ಬಾಗಿಲು ತೆರೆಯುತ್ತಿದ್ದ ಹಾಗೆ ಇದೇ ನನ್ನ ರೂಮು ಅನ್ನಿಸಿಬಿಟ್ಟಿತು. ಆಕೆಗೂ ನಾನು ಹಿಡಿಸಿದೆನೆಂದು ಕಾಣುತ್ತದೆ. ನನ್ನ ಓದಿನ ಬಗ್ಗೆ ಕೇಳಿದರು, ಅಮ್ಮನ ಬಗ್ಗೆ ಕೇಳಿದರು, ಕೊನೆಗೆ ನೇರವಾಗಿ, "ನಿನಗೆ ಈ ರೂಮು ಬೇಕಾ?" ಎಂದರು.

ನನ್ನ ಬಾಯಿಗೆ ಏನು ಬಡಿದಿತ್ತೋ! "ಅಯ್ಯೋ, ಬೇಡ ಬೇಡ, ನಿಮಗೆ ಸುಮ್ಮನೆ ತೊಂದರೆ" ಎಂಬುದನ್ನು ಚೊಕ್ಕ ಇಂಗ್ಲಿಷಿನಲ್ಲಿ, ನಗುನಗುತ್ತಾ ಹೇಳಿದೆ. ಹೇಳಿ, ಅವರು ಮತ್ತೆ ಕೇಳಲೆಂದು ಕಾಯುತ್ತಾ ನಿಂತೆ.

"ನೋ ವರೀಸ್, ಚಿಂತೆಯಿಲ್ಲ ಬಿಡು" ಎಂದರು ಆಕೆ. ಅಷ್ಟೇ. ಗೇಟಿನ ತನಕ ಬಂದು, ಓದು ಚೆನ್ನಾಗಿ ಆಗಲಿ ಎಂದು ಹರಸಿ ಕಳಿಸಿಕೊಟ್ಟರು.

ನನ್ನ ದಡ್ಡತನಕ್ಕೆ ಏನು ಹೇಳಲಿ, ರೈಲಿನಲ್ಲಿ ಖುಷಿಯಾಗಿಯೇ ಕೂತಿದ್ದೆ. ಸಂಜೆಯೊಳಗೆ ಫೋನು ಮಾಡುತ್ತಾರೆ, ಮತ್ತೊಮ್ಮೆ ಕರೆಯುತ್ತಾರೆ, ಆಗ ಒಪ್ಪಿಕೊಂಡರಾಯಿತು. ಮನೆಗೆ ಬಂದವಳೇ ರೂಮು ಸಿಕ್ಕಿತೆಂದು ಆಂಟಿಗೆ ಹೇಳಿದೆ. ಏನು ಮಾತಾಯಿತು ಎಂದು ಕೇಳಿದರು. ಹೇಳಿದೆ. ಆಂಟಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ಎಂತ ಮಾರಾಯ್ತಿ ನೀನು! ಬೇಡ ಹೇಳಿ ಬಂದದ್ದಾ?"

"ಸುಮ್ನೆ ಬಾಯಿ ಮಾತಿಗೆ ಹೇಳಿದ್ದು ಆಂಟಿ. ಬೇಡ ಅಂದ್ರೆ ಬೇಡ ಅಂತಲೇ ಅಂದ್ಕೊಳ್ತಾರಾ?"

"ಮತ್ತೆ? ಇಲ್ಲಿಯವರು ಒಮ್ಮೆ ಕೇಳ್ತಾರೆ. ನೀನು ಬೇಡ ಹೇಳಿದ್ರೆ ಮತ್ತೆ ಕೇಳೋದು ಅವರಿಗೆ ಮರ್ಯಾದೆ ಅಲ್ಲ. ನಾನೂ ಬಂದ ಹೊಸತರಲ್ಲಿ ಆಫೀಸಿನಲ್ಲಿ ಎಷ್ಟು ದಿನ ಉಪವಾಸ ಇದ್ದೇನೆ ಗೊತ್ತುಂಟಾ?"

ನನಗೆ ಅಳು ಬಂತು. ಆಂಟಿಗೆ ಮೊದಲು ಪಾಪ ಅನ್ನಿಸಿತು, ಆಮೇಲೆ ನಗು ತಡೆಯಲಾಗಲಿಲ್ಲ. ಅವರ ನಗು ನೋಡಿ ನನಗೆ ಇನ್ನಷ್ಟು ಉರಿಯಿತು. ಟೀಚರಿಗೆ ಫೋನು ಮಾಡಿದರೆ ಎತ್ತಲಿಲ್ಲ. ನಾಳೆ ಬೆಳಿಗ್ಗೆ ಹೋಗಿ ಬಾಗಿಲು ತಟ್ಟುವುದೇ ಸರಿ ಎಂದರು ಆಂಟಿ.

ಮರುದಿನ ತಟ್ಟಿದೆ. ಬಾಗಿಲು ತೆರೆದವರಿಗೆ ಆಶ್ಚರ್ಯ. ನಾನು ಉಸಿರೆಳೆದುಕೊಂಡು, "ನನಗೆ ಈ ರೂಮು ಬೇಕು" ಎಂದೆ. ಗುರುತಿಲ್ಲದವರ ಮುಂದೆ ನನಗೆ ಇಂಥದ್ದು ಬೇಕು ಎಂದು ಬಾಯಿ ಬಿಟ್ಟು ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಕಿವಿ ಬಿಸಿಯಾಯಿತು.

"ನಿನ್ನೆ ಬೇಡ ಅಂದೆಯಲ್ಲ?"

ನಮ್ಮ ಕಡೆ ಮೊದಲ ಸಲದ ಬೇಡ ಲೆಕ್ಕಕ್ಕಿಲ್ಲ ಎಂದು ವಿವರಿಸಿದೆ. ಅತ್ತೆ ಮಾವ ಬರುವುದು, ಸೋಫಾ, ಮೆಲ್ಬರ್ನ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಕೆ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ಇನ್ನೊಬ್ಬ ಹುಡುಗಿಗೆ ಮಾತು ಕೊಟ್ಟಿದ್ದೇನೆ, ಈಗ ನೋಡಲು ಬರುತ್ತಾಳೆ, ಅವಳು ಒಲ್ಲೆ ಎಂದರೆ ಮಾತ್ರ ರೂಮು ನಿನ್ನದು ಎಂದರು. ನ್ಯಾಯವಾದ ಮಾತು. ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಅವಳಿಗೆ ರೂಮು ಹಿಡಿಸದೇ ಇರಲಿ ಎಂದು ಮನೆದೇವರಿಗೆ ಕೈ ಮುಗಿದೆ.

ಬಂದವಳು ನನ್ನದೇ ವಯಸ್ಸಿನವಳು, ನಾಗಪುರದವಳಂತೆ. ಮಲಗಿ ಎಷ್ಟು ದಿನವಾಗಿತ್ತೋ, ಕಣ್ಣುಗಳು ಕೆಂಪಾಗಿದ್ದವು. ರೂಮು ನೋಡಿದಳು, ಕಿಟಕಿಯಾಚೆಯ ನಿಂಬೆ ಗಿಡ ನೋಡಿದಳು, ಅಡುಗೆಮನೆಗೆ ಬಂದಳು. ಟೀಚರು ಅದೇ ಪ್ರಶ್ನೆ ಕೇಳಿದರು, ಬೇಕಾ ಎಂದು.

"ನೋ ನೋ ಆಂಟಿ, ಪರವಾಗಿಲ್ಲ" ಎಂದು ಅವಳು ನಕ್ಕಳು. ನಕ್ಕು, ಅಲ್ಲೇ ನಿಂತಳು.

ಆ ನಗು ನನಗೆ ಗೊತ್ತಿಲ್ಲದ್ದೇ? ಅವಳು ಕಾಯುತ್ತಿದ್ದಳು! ಟೀಚರು ನನ್ನ ಕಡೆ ತಿರುಗಿದರು. ಬಾಯಿ ಮುಚ್ಚಿಕೊಂಡಿದ್ದರೆ ರೂಮು ನನ್ನದು. ಅವಳೇ ಬೇಡವೆಂದದ್ದು, ನಾನೇನೂ ಕಸಿದುಕೊಂಡಿಲ್ಲ. ಆದರೆ ರೈಲಿನಲ್ಲಿ ಅವಳೂ ನನ್ನ ಹಾಗೆ ಖುಷಿಯಾಗಿ ಕೂತಿರುತ್ತಾಳೆ, ಸಂಜೆ ಫೋನಿಗೆ ಕಾಯುತ್ತಾಳೆ.

"ಅವಳಿಗೆ ಬೇಕು" ಎಂದೆ ಟೀಚರಿಗೆ. ನನ್ನ ತುಮಕೂರಿನ ಹಿಂದಿಯಲ್ಲಿ ಅವಳಿಗೆ, "ಹೂಂ ಅನ್ನು ಮಾರಾಯ್ತಿ, ಇಲ್ಲಿ ಇನ್ನೊಂದು ಸಲ ಕೇಳಲ್ಲ" ಎಂದೆ. ಮಾರಾಯ್ತಿ ಎಂಬುದು ಆಂಟಿಯಿಂದ ಹತ್ತಿತ್ತು, ಹಿಂದಿಯಲ್ಲೂ ಬಂದುಬಿಟ್ಟಿತು. ಅವಳು ನನ್ನನ್ನು ನೋಡಿದಳು, ಟೀಚರನ್ನು ನೋಡಿದಳು. "ಬೇಕು" ಎಂದಳು, ಕಣ್ಣು ತುಂಬಿಕೊಂಡು.

"ನಿಮ್ಮ ದೇಶದಲ್ಲಿ ಬೇಡ ಅಂದರೆ ನಿಜಕ್ಕೂ ಬೇಡ ಅನ್ನುವವರು ಯಾರಾದರೂ ಇದ್ದಾರಾ?" ಟೀಚರು ನಡು ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದು ನಕ್ಕರು.

ನನಗೆ ನಗು ಬರಲಿಲ್ಲ. ಕೈಗೆ ಬಂದ ರೂಮನ್ನು ನಾನೇ ಬಿಟ್ಟುಕೊಟ್ಟಿದ್ದೆ. ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತೆ. ಒಮ್ಮೆ ಬಾಯಿ ಬಿಟ್ಟಾಗಿದೆ, ಇನ್ನೊಮ್ಮೆ ಬಿಟ್ಟರೆ ಗಂಟೇನು ಹೋಗುತ್ತದೆ?

"ರೂಮು ದೊಡ್ಡದಿದೆ. ಇಬ್ಬರಿಗೂ ಕೊಡ್ತೀರಾ?"

ಟೀಚರು ನಗು ನಿಲ್ಲಿಸಿದರು. ಎದ್ದು ಒಳಗೆ ಹೋಗಿ ಕೈ ಚಾಚಿ ಗೋಡೆಯಿಂದ ಗೋಡೆಗೆ ಅಳತೆ ನೋಡಿದರು. ಕಪಾಟನ್ನು ಆಚೆ ಹಾಕಿದರೆ ಇನ್ನೊಂದು ಮಂಚ ಹಿಡಿಯುತ್ತದೆ ಎಂದು ತಮ್ಮಲ್ಲೇ ಗೊಣಗಿಕೊಂಡರು. ಹೊರಗೆ ಬಂದು ನಮ್ಮಿಬ್ಬರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು, ಥೇಟ್ ಕ್ಲಾಸಿನಲ್ಲಿ ನಿಂತ ಹಾಗೆ.

"ನಾಳೆ ಶನಿವಾರವೇ ಬನ್ನಿ. ನಾನು ಒಂದೇ ಸಲ ಕೇಳುವುದು. ಬೇಕಾ..."

ಅವರ ಮಾತು ಮುಗಿಯುವ ಮೊದಲೇ ನಾವಿಬ್ಬರೂ ಕೂಗಿಬಿಟ್ಟೆವು.